‘ಗೋಡೌನ್’ ಶಬ್ದದ ಮೂಲವಿಚಾರ: ಹಾಬ್ಸನ್-ಜಾಬ್ಸನ್ ಕೋಶದ ಒಂದು ಉಲ್ಲೇಖದ ವಿಮರ್ಶೆ

ನೆಲಮಂಗಲದಲ್ಲಿ ಈಗ ದಿನಕ್ಕೆ ಹತ್ತು ಬಾರಿಯಾದರೂ ಕಿವಿಗೆ ಬೀಳತಕ್ಕ ಶಬ್ದವೆಂದರೆ ‘ಗೋಡೌನ್’. ಮುಂಬಯಿಯ ಕಡೆಗೂ ಮಂಗಳೂರಿನ ಕಡೆಗೂ ಹೋಗುವ ಹೆದ್ದಾರಿಗಳು ಇಲ್ಲಿ ಕವಲೊಡೆಯುತ್ತವೆ. ಲಾರಿಗಳಿಗೆ ಹಗಲಿನಲ್ಲಿ ರಾಜಧಾನಿಯೊಳಗೆ ಪ್ರವೇಶ ಸುಲಭವಲ್ಲದ ಕಾರಣ ಸರಕು ಇಲ್ಲಿಯೇ ಇಳಿದು ನಿಲ್ಲುತ್ತದೆ. 2017ರ ಜುಲೈ ತಿಂಗಳಿನಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದ ತರುವಾಯ, ರಾಜ್ಯಕ್ಕೊಂದರಂತೆ ಸಣ್ಣ ಸಣ್ಣ ದಾಸ್ತಾನುಗಳನ್ನು ಇಡಬೇಕಾಗಿದ್ದ ಕಾರಣವು ಬಹುಮಟ್ಟಿಗೆ ಇಲ್ಲವಾಗಿ, ದೊಡ್ಡ ನಗರಗಳ ಅಂಚಿನಲ್ಲಿ ಬೃಹತ್ತಾದ ದಾಸ್ತಾನುಕಟ್ಟಡಗಳು ಎದ್ದವು. ನೆಲಮಂಗಲದಿಂದ ದಾಬಸ್‌ಪೇಟೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲಗಳಲ್ಲಿ ಇಂದು ನಿಂತಿರತಕ್ಕವು ಇವೇ. ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ರಾತ್ರಿ ಪಾಳಿಯಲ್ಲಿ ಅಲ್ಲಿ ದುಡಿದು ಬೆಳಗ್ಗೆ ತರಗತಿಗೆ ಬರುತ್ತಾರೆ. ‘ಗೋಡೌನಿಗೆ ಸೇರಿದ್ದಾನೆ’ ಎಂದರೆ ಕೆಲಸ ಸಿಕ್ಕಿತೆಂದು ಅರ್ಥ. ಸ್ಥಳದ ಹೆಸರು ವೃತ್ತಿಯ ಹೆಸರಾಗಿ ಪರಿಣಮಿಸಿದೆ.

ಇಂತಹ ಶಬ್ದದ ಮೂಲವನ್ನು ಕುರಿತು ನಾವು ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಹೇಳಿದ ಮಾತೊಂದು ಶುದ್ಧ ತಪ್ಪಾಗಿತ್ತೆಂಬುದನ್ನು ಮೊದಲಿಗೇ ಒಪ್ಪಿಕೊಳ್ಳುವುದು ಲೇಸು. ಸರಕನ್ನಿಡಲು ಕೂಲಿಯವರು ನೆಲಮಾಳಿಗೆಗೆ ‘ಇಳಿದು ಹೋಗುತ್ತಿದ್ದರು’, ಇಂಗ್ಲಿಷಿನಲ್ಲಿ ಇಳಿದು ಹೋಗುವುದಕ್ಕೆ ‘ಗೋ ಡೌನ್’ ಎನ್ನುತ್ತಾರೆ, ಆದುದರಿಂದ ಆ ಹೆಸರು ಬಂತು ಎಂದು ನಮ್ಮ ಅಧ್ಯಾಪಕರು ನಮಗೆ ಹೇಳಿದ್ದರು. ನಾವೂ ವಿಚಾರಮಾಡದೆ ಅದನ್ನೇ ಹೇಳಿದೆವು. ಹಿಂದಿನ ಬೆಂಚಿನಿಂದ ಒಬ್ಬ ಹುಡುಗನು ಎದ್ದು, “ಸಾರ್, ಗೋಡೌನಿಗೆ ಯಾರೂ ಇಳಿಯೋದಿಲ್ಲ. ಹತ್ತಬೇಕು. ಲಾರಿಯ ಹಲಗೆ ಮಟ್ಟಕ್ಕೆ ನೆಲ ಎತ್ತರಿಸಿ ಕಟ್ಟಿರ್ತಾರೆ” ಎಂದನು. ತರಗತಿ ನಕ್ಕಿತು. ಅವನ ಮಾತು ವ್ಯುತ್ಪತ್ತಿಶಾಸ್ತ್ರದ ವಾದವಲ್ಲವಾದರೂ ನಮ್ಮನ್ನು ಕೋಶಗಳ ಕಡೆಗೆ ತಿರುಗಿಸಿತು. ಪ್ರಕೃತ ಲೇಖನವು ಅದರ ಫಲ.

ಈ ಶಬ್ದದ ಬಗೆಗೆ ಎಲ್ಲರೂ ಮೊದಲು ತೆರೆಯತಕ್ಕ ಗ್ರಂಥವೆಂದರೆ ಹೆನ್ರಿ ಯೂಲ್ ಮತ್ತು ಎ. ಸಿ. ಬರ್ನೆಲ್ ಇವರ ‘ಹಾಬ್ಸನ್-ಜಾಬ್ಸನ್’. 1886ರಲ್ಲಿ ಪ್ರಕಟವಾದ ಇದನ್ನು 1903ರಲ್ಲಿ ವಿಲಿಯಂ ಕ್ರೂಕ್ ಪರಿಷ್ಕರಿಸಿದನು. ಕೋಶಕಾರರ ಅಭಿಪ್ರಾಯದ ಸಾರ ಇಷ್ಟು: ಭಾರತದ ಇಂಗ್ಲಿಷರ ಬಾಯಿಗೆ ಈ ಶಬ್ದ ಬಂದದ್ದು ಪೂರ್ವದೇಶದ ನೆಲೆಗಳಿಂದ, ಅಲ್ಲಿನ ಮಲಯ ಭಾಷೆಯಲ್ಲಿ ಇದಕ್ಕೆ ದಾಸ್ತಾನುಕೋಣೆಯೆಂದೂ ಇಟ್ಟಿಗೆಯ ಅಥವಾ ಕಲ್ಲಿನ ಮನೆಯೆಂದೂ ಅರ್ಥ, ಆದರೆ ಮಲಯ ಭಾಷೆಗೆ ಅದು ಹೋದದ್ದು ದಕ್ಷಿಣಭಾರತದಿಂದ, ತೆಲುಗಿನ ‘ಗಿಡ್ಡಂಗಿ’, ತಮಿಳಿನ ‘ಕಿಡಂಗು’ ಅದರ ಮೂಲ, ಹಿಂದಿ ಬಂಗಾಳಿಗಳ ‘ಗುದಾಮ್’ ಮಾತ್ರ ಇಂಗ್ಲಿಷರ ಶಬ್ದದ ಅನುಕರಣ. ಇದರಲ್ಲಿ ಮೊದಲ ಭಾಗವನ್ನು ನಾವು ಸ್ವಲ್ಪ ತಿದ್ದುಪಡಿಯೊಡನೆ ಒಪ್ಪುತ್ತೇವೆ. ಕೊನೆಯ ಮಾತನ್ನು ಒಪ್ಪಲಾರೆವು.

ಮಲಯ ದೇಶದಲ್ಲಿಯೂ ಇಂಡೊನೇಷಿಯದಲ್ಲಿಯೂ ‘ಗುದಂಗ್’ ಎಂಬುದು ಇಂದಿಗೂ ಮನೆಮಾತಿನ ಶಬ್ದ. ಮನೆಯ ಮೂಲೆಯಲ್ಲಿ ಹಳೆಯ ಸಾಮಾನು ತುಂಬುವ ಕೋಣೆಯೂ ಗುದಂಗ್, ಬಂದರಿನ ಮಹಾದಾಸ್ತಾನೂ ಗುದಂಗ್. ಅಂಗಡಿಯವನು ಉಳಿದ ಸರಕನ್ನು ಅಗ್ಗಕ್ಕೆ ಮಾರುವುದಕ್ಕೆ ‘ಚುಚಿ ಗುದಂಗ್’ ಎನ್ನುತ್ತಾರೆ, ಎಂದರೆ ಗೋಡೌನು ತೊಳೆಯುವುದು. ಪೂರ್ವಜಾವಾದ ಕೆದಿರಿಯಲ್ಲಿ 1958ರಲ್ಲಿ ಆರಂಭವಾದ ಪ್ರಸಿದ್ಧ ಲವಂಗದ ಸಿಗರೇಟಿನ ಹೆಸರು ‘ಗುದಂಗ್ ಗರಮ್’; ಗರಮ್ ಎಂದರೆ ಉಪ್ಪು, ಅದು ಉಪ್ಪಿನ ಗೋಡೌನು. ಬಹುವಿದ್ಯಾವಂತನನ್ನು ‘ಗುದಂಗ್ ಇಲ್ಮು’ ಎಂದು ಗೌರವದಿಂದ ಕರೆಯುವರು. ಕನ್ನಡದಲ್ಲಿ ಇದು ಸಾಧ್ಯವಿಲ್ಲ. ವಿದ್ವಾಂಸನನ್ನು ಜ್ಞಾನಭಂಡಾರವೆಂದರೆ ಸಂತೋಷಪಡುವನು. ಜ್ಞಾನದ ಗೋಡೌನ್ ಎಂದರೆ ಹಾಸ್ಯಕ್ಕೆ ಗುರಿಯಾದೆನೆಂದು ತಿಳಿಯುವನು. ನಮ್ಮಲ್ಲಿ ಆ ಮರ್ಯಾದೆಯ ಸ್ಥಾನವನ್ನು ಸಂಸ್ಕೃತದ ಭಾಂಡಾಗಾರವು ಮೊದಲೇ ಹಿಡಿದುಕೊಂಡಿತ್ತು.

ಮಲಯ ಭಾಷೆಯಲ್ಲಿ ‘ಗೆದುಂಗ್’ ಎಂಬ ಇನ್ನೊಂದು ಶಬ್ದವುಂಟು. ದೊಡ್ಡ ಕಟ್ಟಡವೆಂದು ಅದರ ಅರ್ಥ. 1955ರ ಏಪ್ರಿಲಿನಲ್ಲಿ ನೆಹರೂ ಅವರು ಭಾಗವಹಿಸಿದ ಏಷ್ಯಾ-ಆಫ್ರಿಕಾ ಸಮ್ಮೇಳನ ಸೇರಿದುದು ಬಾಂಡುಂಗ್ ನಗರದ ‘ಗೆದುಂಗ್ ಮೆರ್ದೆಕಾ’ದಲ್ಲಿ, ಸ್ವಾತಂತ್ರ್ಯಭವನದಲ್ಲಿ. ಹಾಬ್ಸನ್-ಜಾಬ್ಸನ್ ಕೋಶವು ಗುದಂಗ್, ಗೆದುಂಗ್ ಎರಡನ್ನೂ ಒಂದೇ ಶಬ್ದವೆಂಬಂತೆ ನಡೆಸಿಕೊಂಡಿದೆ. ಎರಡರ ಸ್ವರಗಳೂ ಬೇರೆಯಾಗಿರುವಾಗ ಇಷ್ಟು ಸುಲಭವಾಗಿ ಅವನ್ನು ಬೆಸೆಯುವುದು ಸಾಧುವಲ್ಲ. ಬೆಸೆಯಬೇಕಾದರೆ ಅರ್ಥದ ಸೇತುವೆಯೊಂದು ಬೇಕು. ಅದು ಕೋಶವೇ ಉದ್ಧರಿಸಿರುವ ಆಧಾರಗಳಲ್ಲಿ ಇದೆ; ಕೋಶಕಾರರು ಅದನ್ನು ಉಪಯೋಗಿಸಿಕೊಳ್ಳಲಿಲ್ಲ.

ಪೋರ್ಚುಗೀಸರು ಮಲಕ್ಕಾ ನಗರವನ್ನು ಹಿಡಿದದ್ದು 1511ರಲ್ಲಿ. ಆ ಕಾಲದ ವೃತ್ತಾಂತಗಳಲ್ಲಿ ಈ ಶಬ್ದ ಮತ್ತೆ ಮತ್ತೆ ಬರುತ್ತದೆ. ಲವಂಗ, ಜಾಯಿಕಾಯಿ, ಜಾಪತ್ರೆ, ಶ್ರೀಗಂಧ ತುಂಬಿದ್ದ ಗೋಡೌನುಗಳ ಕೊಳ್ಳೆಯನ್ನು ಕಾಸ್ಟನ್ಯೇಡ ಹೇಳುತ್ತಾನೆ. ಅವು ಕಲ್ಲುಗಾರೆಯ ಭದ್ರವಾದ ಕಟ್ಟಡಗಳೆಂದೂ ಕೆಲವು ನೆಲದಡಿಯಲ್ಲಿ ಇದ್ದವೆಂದೂ ಇತರರ ಬರಹಗಳಿಂದ ತಿಳಿಯುತ್ತದೆ. ಪೆಗು ದೇಶದಲ್ಲಿ ವ್ಯಾಪಾರ ಮಾಡಿದ ವೆನಿಸ್ಸಿನ ವರ್ತಕ ಚೇಸರೆ ಫೆದೆರಿಚಿಯ ಪ್ರವಾಸಕಥನವು 1588ರಲ್ಲಿ ಇಂಗ್ಲಿಷಿಗೆ ಅನುವಾದವಾಯಿತು. ಊರಿನ ಮನೆಗಳೆಲ್ಲವೂ ಬಿದಿರು ಹುಲ್ಲುಗಳವು, ಬೆಂಕಿಯ ಅನಾಹುತ ಪದೇ ಪದೇ, ಆದುದರಿಂದ ವರ್ತಕರು ಬೆಲೆಬಾಳುವ ಸರಕನ್ನಿಡಲು ಇಟ್ಟಿಗೆಯ ಮನೆಯೊಂದನ್ನು ಇಟ್ಟುಕೊಳ್ಳುತ್ತಾರೆ, ಅದರ ಹೆಸರು ‘ಗೊದೊನ್’ ಎಂದು ಅವನು ಹೇಳುತ್ತಾನೆ. ನಮ್ಮ ದೃಷ್ಟಿಯಲ್ಲಿ ಇಡೀ ಉಲ್ಲೇಖದ ತಿರುಳು ಇದೇ. ಬಿದಿರಿನ ಊರಿನಲ್ಲಿ ಇಟ್ಟಿಗೆಯ ಕಟ್ಟಡವೆಂದರೆ ವರ್ತಕರ ದಾಸ್ತಾನು. ಆ ಊರಿನವರಿಗೆ ‘ದಾಸ್ತಾನು’ ಎಂಬುದಕ್ಕೂ ‘ಇಟ್ಟಿಗೆಯ ಕಟ್ಟಡ’ ಎಂಬುದಕ್ಕೂ ಭೇದ ಕಾಣದೆಹೋಗುವುದು ಸಹಜ. ಹೀಗೆ ಗುದಂಗ್ ಮತ್ತು ಗೆದುಂಗ್ ಅರ್ಥದಲ್ಲಿ ಹತ್ತಿರವಾಗಬಲ್ಲವು. ಆದರೆ ಅರ್ಥ ಕೂಡಿದ ಮಾತ್ರಕ್ಕೆ ಮೂಲವೂ ಒಂದೇ ಆಗಬೇಕಾಗಿಲ್ಲ.

ಇನ್ನು ದಕ್ಷಿಣಭಾರತದ ಮೂಲವನ್ನು ನೋಡೋಣ. ತಮಿಳಿನಲ್ಲಿ ‘ಕಿಡ’ ಎಂದರೆ ಬಿದ್ದುಕೊಂಡಿರು, ಇರು. ‘ಕಿಡಂಗು’ ಎಂದರೆ ಸರಕು ಬಿದ್ದಿರುವ ಎಡೆ. ಹಳೆಯ ತಮಿಳಿನಲ್ಲಿ ಕೋಟೆಯ ಕಂದಕಕ್ಕೂ ಅದೇ ಹೆಸರು. ಬರೋ ಮತ್ತು ಎಮೆನೋ ಇವರ ದ್ರಾವಿಡ ವ್ಯುತ್ಪತ್ತಿಕೋಶವು (1961) ನಮ್ಮ ಹಳಗನ್ನಡದ ‘ಕೆಡೆ’ ಧಾತುವನ್ನು ಇದರ ಜೊತೆಗೇ ಇಟ್ಟಿದೆ. ತಮಿಳಿನ ಇಕಾರಕ್ಕೆ, ಮುಂದಿನ ಅಕ್ಷರದಲ್ಲಿ ಅಕಾರವೋ ಐಕಾರವೋ ಇದ್ದಾಗ, ಕನ್ನಡದಲ್ಲಿ ಎಕಾರ ಬರುವುದು ವಿದ್ಯಾರ್ಥಿಗಳಿಗೆ ಪರಿಚಿತವಾದ ನಿಯಮ: ‘ಇಲೈ’ಗೆ ಎಲೆ, ‘ವಿಲೈ’ಗೆ ಬೆಲೆ, ‘ನಿಲಂ’ಗೆ ನೆಲ. ನಮ್ಮ ಊರಿನ ಹೆಸರಿನ ಮೊದಲ ಅಕ್ಷರದಲ್ಲಿಯೇ ಈ ನಿಯಮದ ನಿದರ್ಶನವಿದೆ.

ಕಂದಕವೆಂಬ ಅರ್ಥವನ್ನು ಅಲಕ್ಷಿಸಬಾರದು. ನೆಲವನ್ನು ಅಗೆದು ಧಾನ್ಯ ತುಂಬುವುದು ನಮ್ಮ ಸೀಮೆಯಲ್ಲಿ ಹಳೆಯ ಪದ್ಧತಿ. ಹಗೇವು ಎಂಬ ಹೆಸರನ್ನು ಹಿರಿಯರು ಇನ್ನೂ ಬಲ್ಲರು. 1800ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ರಾಗಿಯನ್ನು ಹಗೇವಿನಲ್ಲಿ ವರ್ಷಗಟ್ಟಲೆ ಕೆಡದಂತೆ ಇಡುವ ಕ್ರಮವನ್ನು ಬರೆದಿದ್ದಾನೆ. ‘ಇಳಿದು ಹೋಗುವ’ ಕಥೆಯು ಶಬ್ದದ ದೃಷ್ಟಿಯಿಂದ ಸುಳ್ಳು. ಆದರೆ ನೆಲದಡಿಯ ದಾಸ್ತಾನು ಎಂಬ ವಸ್ತು ಸುಳ್ಳಲ್ಲ. ಮಲಕ್ಕಾದಲ್ಲಿಯೂ ಇತ್ತು, ನಮ್ಮಲ್ಲಿಯೂ ಇತ್ತು. ಸುಳ್ಳು ಕಥೆ ಇಷ್ಟು ಕಾಲ ಬಾಳಿದ್ದು ಬಹುಶಃ ಅದರಿಂದಲೇ.

ಧ್ವನಿಯ ಕಡೆಯಿಂದ ತೊಂದರೆಯೊಂದಿದೆ. ‘ಕಿಡಂಗು’ ಮಲಯ ಭಾಷೆಗೆ ಹೋದರೆ ಆದಿಯ ಕಕಾರ ಗಕಾರವಾದುದೇಕೆ? ತೆಲುಗಿನ ರೂಪದಲ್ಲಿ ಗಕಾರವೇ ಇರುವುದರಿಂದ ಇದಕ್ಕೆ ಸಮಾಧಾನ ದೊರೆಯುತ್ತದೆ. ಮಚಲೀಪಟ್ಟಣದ ಕಡೆಯ ಬಟ್ಟೆಯ ವ್ಯಾಪಾರವು ಪೂರ್ವದ್ವೀಪಗಳೊಡನೆ ದೊಡ್ಡದಾಗಿತ್ತು. ಆದರೆ ‘ಗಿ’ ಎಂಬುದು ‘ಗು’ ಆದುದೇಕೆ? ಆಡುದಮಿಳಿನಲ್ಲಿ ‘ಪಿಡಿ’ ಎಂಬುದು ‘ಪುಡಿ’ಯಾಗುವಂತೆ ಇಕಾರ ಉಕಾರವಾಗುವುದುಂಟು. ಆದರೆ ಅದಕ್ಕೆ ಹಿಂದೆ ಪಕಾರ, ವಕಾರದಂತಹ ಓಷ್ಠ್ಯವಿರಬೇಕು. ಇಲ್ಲಿ ಅದಿಲ್ಲ. ಕೋಶಕಾರರು ಈ ಪ್ರಶ್ನೆಯನ್ನೇ ಎತ್ತಲಿಲ್ಲ. ಮಲಯ ಭಾಷೆಯಲ್ಲಿ ಅನೇಕ ತಮಿಳು ಶಬ್ದಗಳಿವೆಯೆಂಬ ಸಾಮಾನ್ಯ ಮಾತಿನಿಂದ ಅದನ್ನು ದಾಟಿಹೋದರು.

ಆ ಸಾಮಾನ್ಯ ಮಾತೇನೋ ನಿಜ. ಮಲಯ ಭಾಷೆಯ ಕಪಲ್ (ಹಡಗು), ಕೆದೈ (ಅಂಗಡಿ), ಪೆತಿ (ಪೆಟ್ಟಿಗೆ), ಮೊದಲ್ (ಬಂಡವಾಳ), ಕಾವಲ್ (ಕಾವಲು), ಕುಲಿ (ಕೂಲಿ) ಇವೆಲ್ಲ ನಮ್ಮ ಕಡೆಯಿಂದ ಹೋದವು. ಕನ್ನಡಿಗನಿಗೆ ಇವುಗಳಲ್ಲಿ ನಾಲ್ಕು ಶಬ್ದಗಳು ಅರ್ಥ ಹೇಳದೆಯೇ ತಿಳಿಯುತ್ತವೆ. ‘ಲಾಭ ಬರದಿದ್ದರೂ ಮೊದಲು ಉಳಿಯಿತು’ ಎನ್ನುವ ನಮ್ಮ ಸಾಹುಕಾರನ ‘ಮೊದಲು’ ಜಕಾರ್ತದ ಬ್ಯಾಂಕಿನಲ್ಲಿಯೂ ಚಲಾವಣೆಯಲ್ಲಿದೆ. ಗೋಡೌನಿನ ಕೂಲಿಯವನನ್ನು ಅಲ್ಲಿ ‘ಕುಲಿ ಗುದಂಗ್’ ಎನ್ನುತ್ತಾರೆ. ಶಬ್ದಗಳ ಸ್ಥಾನ ಮಾತ್ರ ಹಿಂದುಮುಂದು. ಗಮನಿಸತಕ್ಕ ಅಂಶವೆಂದರೆ ಇವು ರಾಜರ ಶಬ್ದಗಳಲ್ಲ, ಪುರೋಹಿತರ ಶಬ್ದಗಳೂ ಅಲ್ಲ. ಹಡಗುಕಟ್ಟೆಯ ಮೇಲೆ ಬೇಕಾದ ಶಬ್ದಗಳು.

ಇಲ್ಲಿಯೇ ನಮ್ಮ ಇತಿಹಾಸಕಾರರು ಜಾರಿದ್ದಾರೆ. 1926ರಲ್ಲಿ ಕಲ್ಕತ್ತದಲ್ಲಿ ಬೃಹದ್ಭಾರತ ಸಂಘ ಸ್ಥಾಪಿತವಾದ ಮೇಲೆ ಪೂರ್ವದ್ವೀಪಗಳನ್ನು ಭಾರತದ ‘ವಸಾಹತು’ಗಳೆಂದು ಬರೆಯುವ ಸಂಪ್ರದಾಯ ಬೆಳೆಯಿತು, ನಾವು ಓದಿದ ಪಠ್ಯಗಳಲ್ಲಿಯೂ ಅದರ ಛಾಯೆಯಿತ್ತು. ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಆಸೆಯೊಂದುಂಟು. ಸುಮಾತ್ರದ ಬಾರುಸ್ ಎಂಬಲ್ಲಿ ದೊರೆತ 1088ರ ತಮಿಳು ಶಾಸನ ‘ಐನೂರ್ವರ’ ವರ್ತಕಸಂಘದ್ದು. ಆ ಸಂಘವು ತನ್ನ ಮೂಲವನ್ನು ಹೇಳಿಕೊಳ್ಳುವುದು ಅಯ್ಯಾವೊಳೆಯಿಂದ, ಎಂದರೆ ನಮ್ಮ ಐಹೊಳೆಯಿಂದ. ಶಿಕಾರಿಪುರ ತಾಲ್ಲೂಕಿನ 11ನೆಯ ಶತಮಾನದ ಕನ್ನಡ ಶಾಸನವು ಈ ಸಂಘದವರು ಸಂಚರಿಸಿದ ನಾಡುಗಳನ್ನು ಎಣಿಸುವಾಗ ‘ಮಲೆಯ’ವನ್ನೂ ಹೇಳುತ್ತದೆ. ಅದನ್ನು ಮಲಯ ದ್ವೀಪಕಲ್ಪವೆಂದು ಓದಿ ಹಿಗ್ಗಲು ಮನಸ್ಸಾಗುತ್ತದೆ. ಆದರೆ ಆ ಹೆಸರು ಚೇರ, ಚೋಳ, ಪಾಂಡ್ಯಗಳ ಪಕ್ಕದಲ್ಲಿಯೇ ನಿಂತಿದೆ. ಸಹ್ಯಾದ್ರಿಯ ಮಲೆಸೀಮೆಯೆಂದು ತಿಳಿಯುವುದೇ ಹೆಚ್ಚು ಯುಕ್ತ. ಬಾರುಸಿನ ಶಾಸನದ ದೊರೆತಿರುವ ಭಾಗದಲ್ಲಿಯೂ ನಮ್ಮ ಶಬ್ದವಿಲ್ಲ. ಐನೂರ್ವರು ಗುದಂಗ್ ಶಬ್ದವನ್ನು ಸುಮಾತ್ರಕ್ಕೆ ಕೊಂಡೊಯ್ದರೆಂದು ಬರೆಯುವುದು ಇತಿಹಾಸವಾಗುವುದಿಲ್ಲ.

ಕೊಂಡೊಯ್ದವರು ಯಾರೇ ಇರಲಿ, ಅದನ್ನು ಸ್ವೀಕರಿಸಿ ಬೆಳೆಸಿದವರು ಮಲಯರು. 1512ರಿಂದ 1515ರವರೆಗಿನ ಅವಧಿಯಲ್ಲಿ ಬರೆದ ತೊಮೆ ಪಿರೆಸ್, ಮಲಕ್ಕಾದಲ್ಲಿ ವಿದೇಶೀ ವರ್ತಕರಿಗಾಗಿ ನಾಲ್ವರು ಶಹಬಂದರುಗಳಿದ್ದರೆಂದು ಹೇಳುತ್ತಾನೆ: ಗುಜರಾತಿಗಳಿಗೆ ಒಬ್ಬ, ಕ್ಲಿಂಗರು, ಬಂಗಾಳಿಗಳು, ಪೆಗುವಿನವರು ಮೊದಲಾದವರಿಗೆ ಒಬ್ಬ, ಜಾವಾ ಮುಂತಾದ ದ್ವೀಪದವರಿಗೆ ಒಬ್ಬ, ಚೀನೀಯರೇ ಮೊದಲಾದವರಿಗೆ ಒಬ್ಬ. ಕ್ಲಿಂಗರೆಂದರೆ ಚೋಳಮಂಡಲ ತೀರದವರು. ಗಾಳಿ ತಿರುಗುವವರೆಗೆ ತಿಂಗಳುಗಟ್ಟಲೆ ಹಡಗುಗಳು ಕಾಯಬೇಕಾಗಿದ್ದ ಆ ಊರಿನಲ್ಲಿ ಸರಕು ಸುರಕ್ಷಿತವಾಗಿ ಬಿದ್ದಿರಲು ಒಂದು ಎಡೆ ಎಲ್ಲರಿಗೂ ಬೇಕಾಗಿತ್ತು. ತಮಿಳುನಾಡಿನ ಕಿಡಂಗು ಅದೊಂದು ನಾಡಿನ ಶಬ್ದ. ಮಲಕ್ಕಾದ ಗುದಂಗ್ ಸಮುದ್ರದ ಶಬ್ದ. ಪೋರ್ಚುಗೀಸರು ಕಲಿತದ್ದು ಎರಡನೆಯದನ್ನು.

ಅವರ ಬಾಯಲ್ಲಿ ಅದು ‘ಗುದಾಂವ್’ ಎಂಬಂತೆ ಅನುನಾಸಿಕವಾಗಿ ಮುಗಿಯಿತು. ಹಾಬ್ಸನ್-ಜಾಬ್ಸನ್ನಿನ ತಪ್ಪು ಇರುವುದು ಇಲ್ಲಿ. ಪೋರ್ಚುಗೀಸಿನ ಈ ಬಗೆಯ ಅಂತ್ಯಧ್ವನಿ ಭಾರತದ ಭಾಷೆಗಳಲ್ಲಿ ಮಕಾರವಾಗಿಯೋ ವಕಾರವಾಗಿಯೋ ನಿಲ್ಲುತ್ತದೆ. ಹರಾಜಿಗೆ ಅವರು ಹೇಳುವ ‘ಲೈಲಾಂವ್’ ಎಂಬುದು ಹಿಂದಿಯಲ್ಲಿ ನೀಲಾಮ್, ಮರಾಠಿಯಲ್ಲಿಯೂ ನಮ್ಮ ಉತ್ತರ ಕರ್ನಾಟಕದಲ್ಲಿಯೂ ಲಿಲಾವು ಆಯಿತು. ಅದೇ ದಾರಿಯಲ್ಲಿ ಗುದಾಮ್, ಗೋದಾಮ್, ಸಿಂಹಳದ ಗುದಾಮ ಬಂದಿವೆ. ಗೋವೆಯ ವಿದ್ವಾಂಸ ಸೆಬಾಸ್ತಿಯಾಂವ್ ದಾಲ್ಗಾದು 1913ರಷ್ಟು ಹಿಂದೆಯೇ ಈ ಶಬ್ದವನ್ನು ಏಷ್ಯದ ಭಾಷೆಗಳಿಗೆ ಪೋರ್ಚುಗೀಸಿನಿಂದ ಬಂದವುಗಳಲ್ಲಿ ಸೇರಿಸಿದ್ದನು. ಇದಕ್ಕೆ ನಾವು ಕನ್ನಡ ಲಿಪಿಯ ಸಾಕ್ಷ್ಯವೊಂದನ್ನು ಕೂಡಿಸಬಯಸುತ್ತೇವೆ. ಇಂಗ್ಲಿಷಿನ ದಕಾರಸದೃಶ ಧ್ವನಿ ನಮ್ಮ ಕಿವಿಗೆ ಯಾವಾಗಲೂ ಮೂರ್ಧನ್ಯ: ಡಾಕ್ಟರು, ಡಿಪೋ, ಡಜನ್ನು. ಪೋರ್ಚುಗೀಸಿನದು ದಂತ್ಯ. ಗೋದಾಮಿನಲ್ಲಿ ದಕಾರವೂ ಮಕಾರವೂ ಇವೆ. ಗೋಡೌನಿನಲ್ಲಿ ಡಕಾರವೂ ನಕಾರವೂ ಇವೆ. ಮೊದಲನೆಯದು ಇಂಗ್ಲಿಷರ ಅನುಕರಣವಾಗಿದ್ದರೆ ಈ ಎರಡು ವ್ಯಂಜನಗಳೂ ಬೇರೆಯಾಗಿರುತ್ತಿದ್ದವು. ಕನ್ನಡದಲ್ಲಿ ಇವೆರಡರ ಸೀಮೆಯೂ ಬೇರೆ. ಲಿಲಾವು ಎನ್ನುವ ಕಡೆ ಗೋದಾಮು. ಹರಾಜು ಎನ್ನುವ ಹಳೆಯ ಮೈಸೂರಿನ ಕಡೆ ಗೋಡೌನು, ಹಳ್ಳಿಯವರ ಬಾಯಲ್ಲಿ ಗೋಡನ್ನು. ಒಂದು ಗೋವೆಯ ಕಡೆಯಿಂದ ಮರಾಠಿಯೊಡನೆ ಇಳಿಯಿತು, ಇನ್ನೊಂದು ಮದರಾಸಿನ ಇಂಗ್ಲಿಷಿನೊಡನೆ ಘಟ್ಟ ಹತ್ತಿತು.

ಮೂರನೆಯ ಸೋದರನೊಬ್ಬನಿರಬಹುದೆಂದು ನಮ್ಮ ಊಹೆ. ಸಾರಾಯಿ, ಹೆಂಡಗಳ ಅಂಗಡಿಗೆ ಕನ್ನಡದಲ್ಲಿಯೂ ತುಳುವಿನಲ್ಲಿಯೂ ‘ಗಡಂಗು’ ಎನ್ನುತ್ತಾರೆ. ದಾಸ್ತಾನಿನ ಹೆಸರು ಮಾರಾಟದ ಸ್ಥಳಕ್ಕೆ ಬರುವುದು ಅಪೂರ್ವವಲ್ಲ. ನಮ್ಮ ‘ರೇಷನ್ ಡಿಪೋ’, ‘ಸೌದೆ ಡಿಪೋ’ಗಳನ್ನು ನೋಡಿದರೆ ಸಾಕು. ಮದ್ಯ ಮಾರುವ ಗಡಂಗು ಮೊದಲು ಮದ್ಯವನ್ನಿಡುವ ಕಿಡಂಗು ಆಗಿದ್ದಿತೆಂದು ತಿಳಿಯಲು ಅರ್ಥದ ಅಡ್ಡಿಯಿಲ್ಲ. ಸ್ವರದ ಅಡ್ಡಿಯಿದೆ: ನಮ್ಮ ನಿಯಮದಂತೆ ಕನ್ನಡದ ರೂಪ ‘ಕೆಡಂಗು’ ಎಂದಿರಬೇಕಾಗಿತ್ತು. ಆದಕಾರಣ ಗಡಂಗು ನಮ್ಮಲ್ಲಿಯೇ ಹುಟ್ಟಿದ್ದಲ್ಲ, ನೆರೆಯ ಭಾಷೆಯಿಂದ ಬಂದದ್ದೆಂದು ಹೇಳಬೇಕಾಗುತ್ತದೆ. ಮಂಗಳೂರಿನಲ್ಲಿ ಅಧಿಕಾರಿಯಾಗಿದ್ದು ತುಳುವರ ಭೂತಾರಾಧನೆಯನ್ನು ಕುರಿತು ಬರೆದ ಬರ್ನೆಲ್ಲನಿಗೆ ಈ ಶಬ್ದ ಕೇಳಿಸದೆ ಇರಲಾರದು. ಆದರೂ ಗೋಡೌನಿನ ಉಲ್ಲೇಖದಲ್ಲಿ ತಮಿಳು ತೆಲುಗುಗಳಿಗೆ ದೊರೆತ ಸ್ಥಳ ಕನ್ನಡಕ್ಕೆ ದೊರೆಯಲಿಲ್ಲ.

ಗಡಂಗಿನ ಈ ದುರ್ಗತಿಗೆ ಆಡಳಿತದ ಮಟ್ಟದಲ್ಲಿಯೂ ಫಲವುಂಟಾಗಿದೆ. 1956ರ ಕೇಂದ್ರ ಕಾಯಿದೆಯ ತರುವಾಯ ರಾಜ್ಯಗಳಲ್ಲಿ ದಾಸ್ತಾನಿನ ನಿಗಮಗಳು ಹುಟ್ಟಿದವು. ತಮಿಳರು ತಮ್ಮದನ್ನು ‘ಸೇಮಿಪ್ಪುಕ್ ಕಿಡಂಗು’ ಎಂದರು, ತೆಲುಗರು ‘ಗಿಡ್ಡಂಗಿ’ ಎಂದರು. 1957ರಲ್ಲಿ ನಮ್ಮಲ್ಲಿ ಸ್ಥಾಪಿತವಾದದ್ದಕ್ಕೆ ಇಂದಿರುವ ಹೆಸರು ರಾಜ್ಯ ಉಗ್ರಾಣ ನಿಗಮ. ಗಡಂಗು ನಿಗಮವೆಂದು ಫಲಕ ಹಾಕಿದ್ದರೆ ಬಾಗಿಲಲ್ಲಿ ನೆರೆಯುವ ಜನ ಬೇರೆಯಾಗುತ್ತಿದ್ದರು. ಉಗ್ರಾಣ ಒಳ್ಳೆಯ ಶಬ್ದವೇ. ಆದರೆ ಮಠದಲ್ಲಿ, ಮದುವೆಮನೆಯಲ್ಲಿ ಅಕ್ಕಿ ಬೆಲ್ಲ ಅಳೆದುಕೊಡುವ ಕೋಣೆಯ ನೆನಪು ಅದರಲ್ಲಿದೆ. ಫಲಕದ ಮೇಲೆ ಉಳಿಯಿತೇ ಹೊರತು ಲಾರಿಯವನ ನಾಲಗೆಗೆ ಬರಲಿಲ್ಲ. ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿಯನ್ನು ನಿಷೇಧಿಸಿದ ಮೇಲೆ ಸಾರಾಯಿ ಗಡಂಗೂ ಮುಚ್ಚಿತು. ಶಬ್ದ ಮಾತ್ರ ಹಿರಿಯರ ಮಾತಿನಲ್ಲಿಯೂ ಪತ್ರಿಕೆಗಳಲ್ಲಿಯೂ ಇದೆ.

ಗೋಡೌನಿನ ಸುತ್ತಲಿನ ಗೋಡೆಯನ್ನು ನಾವು ‘ಕಾಂಪೌಂಡು’ ಎನ್ನುತ್ತೇವೆ. ಅದೂ ಮಲಯ ಭಾಷೆಯ ‘ಕಂಪುಂಗ್’, ಎಂದರೆ ಕೇರಿ, ಹಳ್ಳಿ, ಎಂಬುದರಿಂದ ಇಂಗ್ಲಿಷರ ಮೂಲಕ ಬಂದದ್ದೆಂದು ಯೂಲನ ಮತ. ಅದನ್ನು ಇಂದಿನ ಕೋಶಕಾರರೂ ಸಾಮಾನ್ಯವಾಗಿ ಒಪ್ಪಿದ್ದಾರೆ. ಅದಕ್ಕೆ ದಕ್ಷಿಣಭಾರತದ ಮೂಲವಿಲ್ಲ; ಪೂರ್ತಿಯಾಗಿ ಅವರದು. ಈ ವರ್ಷ ತರಗತಿಯಲ್ಲಿ ಕಪಲ್, ಪೆತಿ, ಮೊದಲ್, ಕುಲಿಗಳ ಪಟ್ಟಿಯನ್ನು ಹಲಗೆಯ ಮೇಲೆ ಬರೆದಾಗ ಒಬ್ಬ ವಿದ್ಯಾರ್ಥಿನಿಯು, “ಎಲ್ಲಾ ನಮ್ಮಿಂದಲೇ ಹೋಗಿದೆಯಲ್ಲ ಸಾರ್, ಅವರು ನಮಗೇನೂ ಕೊಡಲಿಲ್ಲವೇ?” ಎಂದು ಕೇಳಿದಳು. ಕಿಟಕಿಯ ಹೊರಗೆ ಕಾಲೇಜಿನ ಕಾಂಪೌಂಡು ಕಾಣುತ್ತಿತ್ತು. ನಾವು ಅದನ್ನು ತೋರಿಸಿದೆವು.